ಮೂಡಲ ಕಡೆಯ ಅಂಗೈ

ನಮ್ಮ ಮನೆಯ ಜೋಳ ನಮ್ಮ ಕಾಲ ಕೆಳಗೆ ಇತ್ತು. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರು ಜೋಳವನ್ನು ಡಬ್ಬಿಯಲ್ಲಿ ನೋಡಿದವರು, ನಾನು ಅದರ ಮೇಲೆ ಮಲಗಿ ಬೆಳೆದವಳು. ಕುಷ್ಟಗಿಯ ನಮ್ಮ ಮನೆಯ ಪಡಸಾಲೆಯ ನಟ್ಟನಡುವೆ ಒಂದು ಹಗೇವು ಇತ್ತು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತರೂ ಮೇಲಕ್ಕೆ ಕೈ ಎಟುಕದಂಥ ಗುಂಡಿ. ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಮೈ ಕುಗ್ಗಿಸಿ ಇಳಿಯುವಷ್ಟು. ಸುಗ್ಗಿ ಮುಗಿದ ಮೇಲೆ ಒಳಗೋಡೆಗೆಲ್ಲ ಜೋಳದ ದಂಟು ಹೊಂದಿಸಿ, ಬಾಯಿಯಿಂದ ಒಂದಾಳು ಕೆಳಗಿನ ತನಕ ಕಾಳು ಸುರಿದು, ಬಾಯಿಗೆ ಕಲ್ಲಿನ ಬಂಡೆ ಮುಚ್ಚಿ, ಸುತ್ತ ಕೆಸರು ಮೆತ್ತಿಬಿಟ್ಟರೆ ಆ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಮ್ಮೆ ಬಾಯಿ ತೆರೆದು ಗಾಳಿ ಹೊಕ್ಕರೆ ಮಾತ್ರ ಮುಗಿಯಿತು, ಪೂರ್ತಿ ತೆಗೆದು ಖಾಲಿ ಮಾಡಲೇಬೇಕು. ಅರ್ಧ ತೆಗೆದು ಅರ್ಧ ಮುಚ್ಚುವ ಮಾತೇ ಇಲ್ಲ.

ಆ ಬಂಡೆಯ ಮೇಲೆ ನಾನೂ ಶಾಂತಿಯೂ ಮಧ್ಯಾಹ್ನ ಕಿವಿಯಿಟ್ಟು ಮಲಗುತ್ತಿದ್ದೆವು. ಒಳಗೆ ಯಾರೋ ಉಸಿರಾಡುತ್ತಾರೆಂದು ಅವಳು ಹೇಳುತ್ತಿದ್ದಳು. ಹೌದೇ ಹೌದು ಎಂದು ನಾನು. ಚಳಿಗಾಲದಲ್ಲಿ ಆ ಕಲ್ಲು ಉಳಿದ ನೆಲಕ್ಕಿಂತ ಬೆಚ್ಚಗಿದೆ ಅನ್ನಿಸುತ್ತಿತ್ತು. ನಿಜವೋ ಸುಳ್ಳೋ ಈಗ ಹೇಳಲಾರೆ. ಆದರೆ ಕೆಳಗೆ ಅಷ್ಟು ದೊಡ್ಡ ಕತ್ತಲೆ, ಅದರ ತುಂಬ ಅನ್ನ, ಅದರ ಮೇಲೆ ನಮ್ಮ ಪುಟ್ಟ ಎರಡು ತಲೆ ಎಂದು ನೆನೆದರೆ ಆಗಲೂ ಮೈ ಜುಮ್ಮೆನ್ನುತ್ತಿತ್ತು, ಈಗಲೂ ಜುಮ್ಮೆನ್ನುತ್ತದೆ. ನಾನು ದೇವರ ಗುಡಿಯಲ್ಲಿ ಕೈಮುಗಿಯುವುದನ್ನು ಕಲಿಯುವ ಮೊದಲೇ ಆ ಬಂಡೆಗೆ ಕೈಮುಗಿಯುವುದನ್ನು ಕಲಿತಿದ್ದೆ.

ಶಾಂತಿ ನನ್ನ ತಂಗಿಯಲ್ಲ, ಲಿಂಗಪ್ಪ ಕಾಕಾನ ಮಗಳು. ಲಿಂಗಪ್ಪ ಕಾಕಾ ನನ್ನ ಅಪ್ಪನ ತಮ್ಮನೂ ಅಲ್ಲ. ಅಪ್ಪ ಬಸವಂತಪ್ಪ, ಕಾಕಾ ಲಿಂಗಪ್ಪ, ಇಬ್ಬರೂ ಕೂಡಿ ಜೋಳ, ತೊಗರಿ, ಹೆಸರಿನ ವ್ಯಾಪಾರ ಮಾಡುತ್ತಿದ್ದವರು. ಮನೆಯನ್ನೂ ಕೂಡಿಯೇ ತೆಗೆದುಕೊಂಡಿದ್ದರು. ಪಡಸಾಲೆಯ ಬಲಕ್ಕೆ ನಮ್ಮ ಅಡುಗೆಮನೆ, ಎಡಕ್ಕೆ ಅವರದು. ನಮ್ಮಲ್ಲಿ ಪುಂಡಿಪಲ್ಯವಾದ ದಿನ ಅವರ ತಾಟಿನಲ್ಲೂ ಪುಂಡಿಪಲ್ಯ, ಅವರ ಗುರೆಳ್ಳು ಚಟ್ನಿ ನಮ್ಮ ರೊಟ್ಟಿಯ ಮೇಲೆ. ಯಾವುದು ನಮ್ಮ ಮನೆ, ಯಾವುದು ಅವರ ಮನೆ ಎಂದು ಹೊಸಬರು ಕೇಳಿದರೆ ಉತ್ತರ ಹೇಳಲು ನಾವು ಮಕ್ಕಳು ತಡವರಿಸುತ್ತಿದ್ದೆವು. ಅಪ್ಪ ಮಾತು ಕಡಿಮೆಯ ಮನುಷ್ಯ. ಕಾಕಾ ಬಾಯಿ ತೆರೆದರೆ ಊರ ಅಗಸಿಬಾಗಿಲ ತನಕ ಕೇಳಿಸುತ್ತಿತ್ತು. ನನ್ನ ಬಾಯಿ ಅಪ್ಪನ ಮೇಲೆ ಹೋಗದೆ ಕಾಕಾನ ಮೇಲೆ ಹೋಗಿದೆ ಎಂದು ಅವ್ವ ಬೈಯುತ್ತಿದ್ದಳು. ಅದು ಹೇಗೆ ಹೋಗುತ್ತದೆಂದು ನಾನು ಕೇಳಿದರೆ ಇನ್ನೊಂದು ಬೈಗುಳ.

ಹಗೇವಿಗೆ ಅವರಿಬ್ಬರದೊಂದು ಕಟ್ಟಳೆ ಇತ್ತು. ಬಾಯಿ ಮುಚ್ಚಿ ಕೆಸರು ಮೆತ್ತಿದ ದಿನ ಇಬ್ಬರೂ ಆ ಹಸಿ ಕೆಸರಿನಲ್ಲಿ ಬಲಗೈ ಒತ್ತಬೇಕು. ಒಬ್ಬರದು ಮೂಡಲ ಕಡೆ, ಇನ್ನೊಬ್ಬರದು ಪಡುವಲ ಕಡೆ. ತೆರೆಯುವಾಗ ಇಬ್ಬರೂ ನಿಂತು ತೆರೆಯಬೇಕು, ಒಬ್ಬರೇ ಮುಟ್ಟುವಂತಿಲ್ಲ. ಮೂಡಲ ಕಡೆ ಅಂಗೈ ಒತ್ತಿದವನು ಮೊದಲು ಒಳಗಿಳಿಯಬೇಕು. ಕೂಲಿಯವರನ್ನು ಮೊದಲು ಇಳಿಸಬಾರದು. ಯಾಕೆಂದರೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ಮರುದಿನ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರದೆ ನಿಂತರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿದವನು ಬರುವುದಿಲ್ಲ. ಉಣ್ಣುವವನು ಧಣಿಯಾದರೆ ಇಳಿಯುವವನೂ ಧಣಿಯೇ ಆಗಬೇಕು ಎಂದು ಕಾಕಾನ ಮನೆತನದ ನೇಮ. ಮೊದಲ ಸಲ ತೆರೆದಾಗ ಕಾಕಾ ಇಳಿದಿದ್ದನಂತೆ, ಒಳಗಿನಿಂದಲೇ ಹಾಡು ಹೇಳಿದ್ದನಂತೆ. ಎರಡನೆಯ ಸಲ ಮುಚ್ಚಿದಾಗ ಮೂಡಲ ಕಡೆ ಒತ್ತಿದವನು ಅಪ್ಪ. ಅಪ್ಪನ ಕಿರುಬೆರಳು ಸಣ್ಣಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆ ಸೊಟ್ಟ ಬೆರಳು ಕೆಸರಿನಲ್ಲಿ ಹಾಗೇ ಮೂಡಿ ಒಣಗಿತ್ತು. ಅವ್ವನೂ ಗೌರಕ್ಕ ಕಾಕಿಯೂ ಪಡಸಾಲೆ ಸಾರಿಸುವಾಗ ಆ ಎರಡು ಅಂಗೈ ಬಿಟ್ಟು ಸುತ್ತ ಸಾರಿಸುತ್ತಿದ್ದರು, ಸೋಮವಾರ ಅವಕ್ಕೆ ಕುಂಕುಮ ಹಚ್ಚುತ್ತಿದ್ದರು.

ಇನ್ನೊಂದು ಸಂಗತಿಯನ್ನು ನಾನು ಬಲು ಹಿಂದೆಯೇ ನೋಡಿಟ್ಟಿದ್ದೆ. ನಾವೆಲ್ಲ ಆ ಬಂಡೆಯ ಮೇಲೆ ಹಾದು ತಿರುಗುತ್ತಿದ್ದೆವು. ಕಾಕಾ ಅದರ ಮೇಲೆಯೇ ಮಗ್ಗುಲಾಗಿ ಎಲೆಯಡಿಕೆ ಹಾಕುತ್ತಿದ್ದ. ಅಪ್ಪ ಮಾತ್ರ ಒಂದು ದಿನವೂ ಅದನ್ನು ತುಳಿದವನಲ್ಲ. ಹೆಗಲ ಮೇಲೆ ಚೀಲವಿದ್ದರೂ ಗೋಡೆ ಹಿಡಿದು ಸುತ್ತಿಕೊಂಡೇ ಹೋಗುತ್ತಿದ್ದ. ಅಪ್ಪನಿಗೆ ಎಂಥ ಭಕ್ತಿ ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

ಆ ವರ್ಷ ಎಲ್ಲಿಯೋ ಯುದ್ಧ ನಡೆದಿತ್ತಂತೆ. ನಮಗೆ ಗೊತ್ತಾದದ್ದು ಇಷ್ಟೇ: ಸಂತೆಗೆ ಜೋಳ ಬರುವುದು ನಿಂತಿತು. ಕೊಪ್ಪಳದ ಪೇಟೆಗೆ ಹೋದ ಗಾಡಿಗಳು ಬರಿದೇ ಬಂದವು. ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದೊಂದೇ ಮನೆಯಲ್ಲಿ ಕಡಿಮೆಯಾಯಿತು. ಮೊದಲು ರೊಟ್ಟಿಯ ಜಾಗಕ್ಕೆ ನುಚ್ಚು ಬಂತು, ಆಮೇಲೆ ನುಚ್ಚಿನಲ್ಲಿ ನೀರೇ ಹೆಚ್ಚಾಯಿತು. ಹೆಂಗಸರು ನಮ್ಮ ಬಾಗಿಲಿಗೆ ಬಂದು ಏನೂ ಕೇಳದೆ ನಿಲ್ಲುತ್ತಿದ್ದರು. ಅವರ ಕಂಕುಳಲ್ಲಿ ಬರಿಯ ಬುಟ್ಟಿ, ಕಣ್ಣು ಪಡಸಾಲೆಯ ಬಂಡೆಯ ಮೇಲೆ. ಒಂದು ಬೆಳಿಗ್ಗೆ ನಾವೆಲ್ಲ ಉಣ್ಣಲು ಕೂತಾಗ ಕಾಕಾ ಮಾತು ತೆಗೆದ.

"ಬಸಣ್ಣ, ಹಗೇವು ತಗೀಬೇಕು. ಓಣ್ಯಾಗ ಒಲಿ ಹತ್ತವಲ್ಲವು. ನನಗ ತುತ್ತು ಇಳೀವಲ್ದು."

"ಈಗ ಬ್ಯಾಡ ಲಿಂಗಪ್ಪ."

"ಈಗ ಬ್ಯಾಡ ಅಂದ್ರ ಯಾವಾಗ? ಜನ ಸತ್ತ ಮ್ಯಾಲೇನು?"

"ತಗದ್ರ ಪೂರಾ ತಗೀಬೇಕಾಕ್ಕತಿ. ಬರೂ ವರ್ಷದ ಮಳಿ ಯಾರು ಕಂಡಾರ? ನಮ್ಮ ಮಕ್ಕಳು ಏನು ತಿನಬೇಕು?"

"ಹೊಟ್ಟಿ ತುಂಬಿದವಗ ಹುಗ್ಗಿ ಮುಳ್ಳು ಅಂತಾರ. ನೀ ಹಂಗ ಮಾತಾಡಾಕತ್ತಿ."

ಅಪ್ಪ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಗೋಡೆ ಹಿಡಿದು ಬಂಡೆಯನ್ನು ಸುತ್ತಿ ಹೊರಗೆ ಹೋದ.

ಅಂದಿನಿಂದ ದಿನಾಲೂ ಅದೇ ಜಗಳ. ಅಪ್ಪ ದಿನಕ್ಕೊಂದು ಕಾರಣ ಹೇಳುತ್ತಿದ್ದ. ಇವತ್ತು ಮಳೆಯ ಮಾತು, ನಾಳೆ ತಹಶೀಲ ಕಚೇರಿಯ ಜವಾನರು ಬಂದು ಜೋಳ ಎಳೆದುಕೊಂಡು ಹೋಗುತ್ತಾರೆ ಎಂಬ ಮಾತು, ನಾಡಿದ್ದು ಅಮಾವಾಸ್ಯೆ. ನಿಜ ಹೇಳುವವನಿಗೆ ಒಂದೇ ಕಾರಣ ಸಾಕು, ಹತ್ತು ಕಾರಣ ಹೇಳುವವನು ಹನ್ನೊಂದನೆಯದನ್ನು ಮುಚ್ಚಿಡುತ್ತಾನೆ. ಇದನ್ನು ನಾನು ಆಮೇಲೆ ಸಂಸಾರ ಮಾಡಿ ಕಲಿತೆ. ಆಗ ನನಗೂ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಒಂದು ದಿನ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕಾಕಾ ಅಪ್ಪನನ್ನು "ಹಗೇವಿನ ಹೆಗ್ಗಣ" ಎಂದುಬಿಟ್ಟ. ಹೆಗ್ಗಣ ಕಾಳನ್ನು ಬಿಲದಲ್ಲಿ ಕೂಡಿಡುತ್ತದೆ, ಇನ್ನೊಬ್ಬರಿಗೆ ಬಿಡದು ಎಂಬ ಅರ್ಥದಲ್ಲಿ. ಊರ ಬಾಯಿಗೆ ಇಷ್ಟು ಸಿಕ್ಕರೆ ಸಾಕಲ್ಲ. ಮರುದಿನ ಓಣಿಯ ಹುಡುಗರು ನನ್ನನ್ನು ಕಂಡು "ಹೆಗ್ಗಣದ ಮರಿ ಬಂತು" ಎಂದು ಕೂಗಿದರು. ನಾನು ಒಬ್ಬನ ಕೈ ಕಚ್ಚಿ ಮನೆಗೆ ಬಂದೆ.

ಆಮೇಲೆ ಇಬ್ಬರೂ ಮಾತು ಬಿಟ್ಟರು. ಎದುರೆದುರು ಕೂತಿದ್ದರೂ ಮಾತು ನನ್ನ ಮೂಲಕ. "ನೀಲಿ, ನಿಮ್ಮಪ್ಪಗ ಹೇಳು, ಗಾಡಿ ನಾಳೆ ಬರತೈತಿ ಅಂತ." ಅಪ್ಪನಿಗೆ ಕಿವಿ ಇಲ್ಲವೇನೋ ಎಂಬಂತೆ ನಾನು ಎರಡು ಹೆಜ್ಜೆ ನಡೆದು ಅದನ್ನೇ ಮತ್ತೆ ಹೇಳಬೇಕು. ಅಪ್ಪ, "ಆತು ಅಂತ ಹೇಳು ನಿಮ್ಮ ಕಾಕಾಗ." ನಾನು ಮತ್ತೆ ಎರಡು ಹೆಜ್ಜೆ ಹಿಂದಕ್ಕೆ. ಬಂಡೆಯ ಮೇಲೆ ಹೀಗೆ ಹೋಗಿ ಬಂದು ಹೋಗಿ ಬಂದು ನನಗೆ ಅಳು ಬರುತ್ತಿತ್ತು. ಅವ್ವ, ಕಾಕಿ ಇಬ್ಬರೂ ಹಿತ್ತಲಲ್ಲಿ ಕದ್ದು ಮಾತಾಡುತ್ತಿದ್ದರು, ಚಟ್ನಿ ಸೆರಗಿನ ಮರೆಯಲ್ಲಿ ಹೋಗಿ ಬರುತ್ತಿತ್ತು.

ಕೊನೆಗೆ ಕಾಕಾ ಒಂದು ಮಾತು ಕಳಿಸಿದ. ಅದನ್ನು ನಾನೇ ಹೊತ್ತೆ.

"ನಿಮ್ಮಪ್ಪಗ ಹೇಳು ನೀಲಿ. ಹಗೇವು ತಗಿಯೂದಿಲ್ಲ ಅಂದ್ರ ಬ್ಯಾರೆ ಆಗೂಣು. ನಡಕ ಗ್ವಾಡಿ ಹಾಕ್ಸಿಬಿಡೂಣು."

ನಾನು ಹೆಜ್ಜೆ ಎತ್ತಲಿಲ್ಲ. ಅಪ್ಪನಿಗೆ ಹೇಗೂ ಕೇಳಿಸಿತ್ತು. ಅವನು "ಆತು" ಎಂದ.

ನನಗೆ ಗೋಡೆ ಎಂದರೆ ಏನೆಂದು ಅಂದು ತಿಳಿಯಿತು. ಶಾಂತಿ ಆ ಕಡೆ, ನಾನು ಈ ಕಡೆ. ಅಳುತ್ತ ಆಯಿಯ ಹತ್ತಿರ ಹೋದೆ. ಆಯಿ ಎಂದರೆ ಅಪ್ಪನ ತಾಯಿ, ಕಣ್ಣು ಮಂದವಾಗಿ ಮೂಲೆಯಲ್ಲಿ ಹತ್ತಿ ಹಿಂಜುತ್ತ ಕೂತಿರುತ್ತಿದ್ದಳು.

"ಅಪ್ಪ ಭಾಳ ಕೆಟ್ಟಾವ ಅದಾನ ಆಯಿ. ಹಗೇವಿನ ಬಂಡಿಗೆ ಅಷ್ಟು ನಡಕೋತಾನ, ಕಾಲು ಸುದ್ದಾ ಇಡೂದಿಲ್ಲ. ಜನರ ಮ್ಯಾಲ ಯಾಕ ಕರುಣಿ ಇಲ್ಲ?"

ಆಯಿಯ ಕೈ ಹತ್ತಿಯಲ್ಲೇ ನಿಂತಿತು.

"ಅದು ಭಕ್ತಿ ಅಲ್ಲವ್ವ ನೀಲಿ. ಅದು ಹೆದರಿಕಿ. ನಿಮ್ಮಪ್ಪಗ ಒಬ್ಬ ಅಣ್ಣ ಇದ್ದ. ಯಲಬುರ್ಗಿ ಕಡೆ ನಮ್ಮೂರಾಗ ಹಗೇವು ತಗದಾಗ ಅಂವಾ ಒಂದು ದಿನಾ ಕಾಯಲಿಲ್ಲ, ದೀಪಾ ಇಳಿಸಲಿಲ್ಲ, ಇಳದ. ಮ್ಯಾಲ ಹಗ್ಗಾ ಹಿಡದು ನಿಂತಾವ ನಿಮ್ಮಪ್ಪ. ನಿನ್ನಷ್ಟ ಇದ್ದ. ಹಗ್ಗಾ ಸಡ್ಲಾತು ಅಷ್ಟ. ಎಳದ, ಎಳದ... ಅವನ ಕೈಲೆ ಆಗಲಿಲ್ಲ. ಇದನ್ನ ಯಾರ ಮುಂದೂ ಆಡಬ್ಯಾಡ. ಲಿಂಗಪ್ಪನ ಮುಂದಂತೂ ಬ್ಯಾಡ. ಗಣಮಗ, ಹೆದರಿಕಿ ಮಂದಿಗೆ ತಿಳದ್ರ ಸತ್ತಽ ಹೋಗತಾನ."

ಅಪ್ಪ ಹೆಗ್ಗಣವಲ್ಲ. ಈ ಸಲ ಇಳಿಯುವ ಪಾಳಿ ಅವನದು, ಅಷ್ಟೇ. ಮೂಡಲ ಕಡೆ ಅಂಗೈ ಒತ್ತಿದ ದಿನ ತೆರೆಯುವ ದಿನ ದೂರವಿತ್ತು, ಒತ್ತಿಬಿಟ್ಟ. ಈಗ ಆ ದಿನ ಬಾಗಿಲಿಗೆ ಬಂದು ನಿಂತಿತ್ತು. ಅಂಜುಬುರುಕ ಎನ್ನಿಸಿಕೊಳ್ಳುವುದಕ್ಕಿಂತ ಜಿಪುಣ ಎನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿತ್ತು.

ನಾನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥವಳಿಗೆ ನಾಲ್ಕು ದಿನ ಎಂದರೆ ಒಂದು ವನವಾಸ. ಐದನೆಯ ದಿನ ಇರಕಲ್ಲಗಡದ ಗೌಂಡಿ ಬಂದ. ಬಾಗಿಲಿನಿಂದ ಹಿತ್ತಲಿನ ತನಕ ಪಡಸಾಲೆಗೆ ಅಡ್ಡಲಾಗಿ ದಾರ ಹಿಡಿದು ನೋಡಿ ತಲೆ ಕೆರೆದುಕೊಂಡ.

"ಗ್ವಾಡಿ ಸೀದಾ ಈ ಬಂಡಿ ಮ್ಯಾಲ ಬರತೈತಿ ನೋಡ್ರಿ ಸಾವಕಾರ್ರ. ಮುಂದ ಹಗೇವು ತಗಿಯಾಕ ಬರೂದಿಲ್ಲ. ಹಾಕ್ಲೇನ್ರಿ?"

ಅಪ್ಪ ಅತ್ತ ನೋಡುತ್ತಿದ್ದ, ಕಾಕಾ ಇತ್ತ ನೋಡುತ್ತಿದ್ದ. ಗೌಂಡಿ ನಾಳೆ ಕಲ್ಲು ತರಿಸುವುದಾಗಿ ಹೇಳಿ ಹೋದ. ದಾರ ಮಾತ್ರ ಅಲ್ಲೇ ಬಿಗಿದಿತ್ತು, ಎರಡು ಅಂಗೈಗಳ ನಡುವೆ. ಶಾಂತಿ ಆ ಕಡೆಯಿಂದ ಅದನ್ನು ಬೆರಳಿನಿಂದ ಮೀಟಿ ನನ್ನನ್ನು ನೋಡಿ ನಕ್ಕಳು. ಅವಳಿಗೆ ಅದು ಆಟ. ನನಗೆ ತಡೆಯಲಾಗಲಿಲ್ಲ. ಹಿತ್ತಲಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ ಕಾಕಾನ ಹತ್ತಿರ ಓಡಿ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಹೋದ ಮೇಲೆ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಕಾಕಾ ಕೊಡ ಕೆಳಗಿಟ್ಟ. ಎತ್ತು ಮೂತಿಯಿಂದ ಅವನ ಕೈ ತಿವಿಯುತ್ತಿತ್ತು, ಅವನಿಗೆ ಅರಿವಿಲ್ಲ.

"ಹಗ್ಗಾ ಅಂವಾ ಹಿಡದಿದ್ನಂತೇನು?" ಎಂದ, ಮೆಲ್ಲಗೆ.

"ಹೂಂ ಕಾಕಾ."

"ನೀ ನನಗ ಏನೂ ಹೇಳಿಲ್ಲ ನೀಲಿ. ತಿಳೀತೇನು? ಏನೂ ಹೇಳಿಲ್ಲ."

ಮರುದಿನ ಬೆಳಿಗ್ಗೆ ಗೌಂಡಿ ಕಲ್ಲಿನ ಗಾಡಿಯೊಂದಿಗೆ ಬಂದ. ಗೋಡೆ ಏಳುವುದನ್ನು ನೋಡಲು ಓಣಿಯ ಜನವೂ ಬಂದರು. ಜಗಳ ನೋಡಲು ನಮ್ಮ ಜನಕ್ಕೆ ಹಸಿವೆಯೂ ಅಡ್ಡಿಯಲ್ಲ. ಕಾಕಾ ಪಡಸಾಲೆಗೆ ಬಂದವನೇ ಆ ದಾರವನ್ನು ಕಿತ್ತು ಉಂಡೆ ಮಾಡಿ ಗೌಂಡಿಯ ಕೈಗಿಟ್ಟ. ಆಮೇಲೆ ಎಲ್ಲರಿಗೂ ಕೇಳುವಂತೆ ಅಪ್ಪನಿಗೇ ನೇರ ಹೇಳಿದ.

"ಬಸಣ್ಣ, ನಾ ತಪ್ಪು ತಿಳದಿದ್ನಿ ನೋಡು. ಈ ಸಲದ ಪಾಳಿ ನಂದು. ಮೂಡಲ ಕಡೆ ಕೈ ನಂದು. ನಾ ಇಳೀತೀನಿ. ನೀ ಬರೇ ಹೂಂ ಅನ್ನು, ಸಾಕು."

ನಾನು ಬಂಡೆಯನ್ನು ನೋಡಿದೆ. ಮೂಡಲ ಕಡೆಯ ಅಂಗೈಯಲ್ಲಿ ಸೊಟ್ಟ ಕಿರುಬೆರಳು ಕುಂಕುಮ ಹಚ್ಚಿಕೊಂಡು ಎದ್ದು ಕಾಣುತ್ತಿತ್ತು. ಅಷ್ಟರಲ್ಲಿ ಕಾಕಾ ಅದರ ಮೇಲೆ ತನ್ನ ಕಾಲನ್ನು ಅಡ್ಡ ಇಟ್ಟು ನಿಂತ. ಅಪ್ಪ ಕಾಕಾನ ಮುಖ ನೋಡಿದ. ಆ ಒಂದು ನೋಟದಲ್ಲಿ ಅಪ್ಪನಿಗೆ ಎಲ್ಲ ತಿಳಿಯಿತು: ಇವನಿಗೆ ಗೊತ್ತಾಗಿದೆ, ಗೊತ್ತಾಗಿಯೂ ಗೊತ್ತಿಲ್ಲದಂತೆ ನಾಲ್ಕು ಜನರ ಮುಂದೆ ಸುಳ್ಳು ಹೇಳುತ್ತಿದ್ದಾನೆ. ಒಂದು ಹೂಂ ಅಂದಿದ್ದರೆ ಆಗುತ್ತಿತ್ತು. ಜೋಳ ಹೊರಬರುತ್ತಿತ್ತು, ಗೋಡೆ ಏಳುತ್ತಿರಲಿಲ್ಲ, ಅಪ್ಪ ಇಳಿಯಬೇಕೂ ಇರಲಿಲ್ಲ.

ಅಪ್ಪ ಗೋಡೆ ಬಿಟ್ಟು ನಡೆದು ಬಂದ. ಬಂಡೆಯ ಹತ್ತಿರ ಮೊಣಕಾಲೂರಿದ. ಕಾಕಾನ ಕಾಲನ್ನು ಮೆಲ್ಲಗೆ ಸರಿಸಿ, ಆ ಒಣಗಿದ ಕೆಸರಿನ ಗುರುತಿನಲ್ಲಿ ತನ್ನ ಬಲಗೈ ಇಟ್ಟ. ಸೊಟ್ಟ ಬೆರಳು ಸೊಟ್ಟ ಬೆರಳಿನಲ್ಲಿ ಕೂತಿತು.

"ನಂದು," ಎಂದ. "ನಾ ಇಳೀತೀನಿ. ನೀ ಹಗ್ಗಾ ಹಿಡಿ."

ಹಾರೆ ಹಾಕಿ ಬಂಡೆ ಸರಿಸಿದರು. ಒಳಗಿನಿಂದ ಒಂದು ಬಿಸಿ ವಾಸನೆ ಎದ್ದು ಪಡಸಾಲೆಯನ್ನು ತುಂಬಿತು. ಹಳೆಯ ದಂಟು, ಮುಗ್ಗು, ಮಣ್ಣು, ಎಲ್ಲ ಸೇರಿದ ವಾಸನೆ. ನಾನು ಇಷ್ಟು ವರ್ಷ ಕಿವಿಯಿಟ್ಟು ಕೇಳಿದ ಉಸಿರು ಇದೇ ಎಂದುಕೊಂಡೆ. ಅಂದು ಇಡೀ ದಿನ ಬಾಯಿ ತೆರೆದೇ ಬಿಟ್ಟರು. ಅಪ್ಪ ಉಣ್ಣಲಿಲ್ಲ. ಅದನ್ನು ನೋಡಿ ಕಾಕಾನೂ ಹೊಟ್ಟೆನೋವು ಎಂದು ಉಣ್ಣಲಿಲ್ಲ. ಮರುದಿನ ಸೂರ್ಯ ಮೇಲೇರಿದ ಮೇಲೆ ಕಂದೀಲು ಇಳಿಬಿಟ್ಟರು. ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿತ್ತು. ದೀಪ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಆಮೇಲೆ ಆರದೆ ಹಾಗೇ ನಿಂತಿತು. ಕಾಕಾಗೆ ಅದು ಸಾಲಲಿಲ್ಲ. ಕಂಬಳಿ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಒಳಗಿನ ಗಾಳಿಯನ್ನು ಹೊರಗೆ ಸೆಳೆದ. ಮತ್ತೆ ಕಂದೀಲು ಬಿಟ್ಟ. ಈ ಸಲ ದೀಪ ನೆಟ್ಟಗೆ ಉರಿಯಿತು. ಮೂರನೆಯ ಸಲವೂ ಬಿಡಲು ಹೋದಾಗ ಅಪ್ಪನೇ ತಡೆದ.

"ಸಾಕು ಲಿಂಗಪ್ಪ. ಎಣ್ಣಿ ಸುಮ್ಮನ ಸುಡಬ್ಯಾಡ."

ಕಾಕಾ ಹಗ್ಗವನ್ನು ಅಪ್ಪನ ಸೊಂಟಕ್ಕೆ ತಾನೇ ಕಟ್ಟಿದ. ಹಮಾಲರು ಕೈ ಕೊಡಲು ಬಂದರೆ ಬೈದು ದೂರ ನಿಲ್ಲಿಸಿದ. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ಎರಡೂ ಕಾಲನ್ನು ಹಗೇವಿನ ಅಂಚಿಗೆ ಊರಿ ಕೂತ. ಅಪ್ಪ ಇಳಿದ. ಮೊದಲು ಸೊಂಟ ಹೋಯಿತು, ಆಮೇಲೆ ಎದೆ, ಆಮೇಲೆ ರುಮಾಲು. ನನ್ನ ಅಪ್ಪ ನೆಲದೊಳಗೆ ಹೋದ. ಮುಂದೆ ನಾನು ದೊಡ್ಡ ದೊಡ್ಡವರೆನಿಸಿಕೊಂಡವರನ್ನು ಕಂಡಿದ್ದೇನೆ, ಹನುಮನಹಳ್ಳಿಯ ಮೇಲಿನ ಬೆಟ್ಟ ಹತ್ತಿ ಕೆಳಗೆ ಹರಿಯುವ ಹೊಳೆ ಕಂಡಿದ್ದೇನೆ. ಆ ರುಮಾಲು ಕತ್ತಲೆಯಲ್ಲಿ ಇಳಿದು ಹೋದದ್ದರಷ್ಟು ದೊಡ್ಡದನ್ನು ಏನನ್ನೂ ಕಂಡಿಲ್ಲ. ಅಂಜದವನು ಇಳಿದರೆ ಅದರಲ್ಲೇನಿದೆ? ಕಾಕಾ ಹಾಡು ಹೇಳುತ್ತ ಇಳಿದಿದ್ದ. ಅಪ್ಪ ಹಲ್ಲು ಕಚ್ಚಿಕೊಂಡು ಇಳಿದ.

ಕಾಕಾ ಮೇಲಿನಿಂದ ಒಂದೇ ಸಮನೆ ಮಾತಾಡಿಸುತ್ತಿದ್ದ.

"ಬಸಣ್ಣ, ಅದೀಯೇನು?"

"ಅದೀನಿ."

"ಬಸಣ್ಣ, ಈಗ?"

"ಅದೀನೋ ಮಾರಾಯ. ಮುಗ್ಗು ಬರೇ ಅಂಚಿಗೆ ಐತಿ. ನಡುವಿಂದು ಬಂಗಾರ ಆಗೈತಿ."

ಆ "ಅದೀನಿ" ಎಂಬ ಮಾತು ಎಷ್ಟು ಸಲ ಬಂತೋ ನಾನು ಎಣಿಸಲಿಲ್ಲ, ಪ್ರತಿ ಸಲವೂ ಆಯಿ ಮೂಲೆಯಲ್ಲಿ ಕೈ ಮುಗಿಯುತ್ತಿದ್ದಳು. ಮೊದಲ ಬುಟ್ಟಿ ತುಂಬಿ ಮೇಲೆ ಬಂತು. ಅದರ ಹಿಂದೆ ಅಪ್ಪ ಬಂದ. ಮೈಯೆಲ್ಲ ಬೆವರು, ಮೀಸೆಯಲ್ಲಿ ದಂಟಿನ ಪುಡಿ. ಕಾಕಾ ಹಗ್ಗ ಬಿಡಲು ನೋಡಿದರೆ ಬೆರಳು ಬಿಚ್ಚಲಿಲ್ಲ. ಅಪ್ಪನೇ ಒಂದೊಂದಾಗಿ ಬಿಡಿಸಿದ. ಅಂಗೈಯಲ್ಲಿ ಹಗ್ಗದ ಗೀರು ಕೆಂಪಗೆ ಎದ್ದಿತ್ತು. ಆಮೇಲೆ ಹಮಾಲರು ಇಳಿದರು. ಸಂಜೆಯ ಹೊತ್ತಿಗೆ ಓಣಿಯ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು. ಆ ಸಪ್ಪಳ ಕೇಳುತ್ತ ಗೌರಕ್ಕ ಕಾಕಿ ಗುರೆಳ್ಳು ಚಟ್ನಿಯನ್ನು ಸೆರಗಿನ ಮರೆಯಿಲ್ಲದೆ ತಂದಳು. ಹಗೇವಿನ ಜೋಳದ ರೊಟ್ಟಿಗೆ ಒಂದು ಮುಗ್ಗು ವಾಸನೆ ಇರುತ್ತದೆ, ಹೊಸಬರು ಮೂಗು ಮುರಿಯುತ್ತಾರೆ. ನನಗೆ ಈಗಲೂ ಅದು ಬೇಕು.

ಎಷ್ಟೋ ದಿನಗಳ ಮೇಲೆ, ಕೆಳಗೆ ಏನು ಕಂಡಿತೆಂದು ನಾನು ಅಪ್ಪನನ್ನು ಕೇಳಿದೆ.

"ಏನೂ ಕಾಣಲಿಲ್ಲವ್ವ. ಮ್ಯಾಲ ನೋಡಿದ್ನಿ. ದುಂಡಕ ಇಷ್ಟ ಬೆಳಕು, ಅದರ ತುಂಬ ನಿಮ್ಮ ಕಾಕಾನ ಮಾರಿ. ನಾ ಹೊರಗ ಬರೂ ತನಕ ಅದು ಅಳ್ಳಾಡಲಿಲ್ಲ," ಎಂದ. ತನ್ನ ಅಣ್ಣನ ಸಂಗತಿಯನ್ನು ಕಾಕಾನಿಗೆ ಮುಟ್ಟಿಸಿದವರು ಯಾರು ಎಂದು ಅವನು ಕೇಳಲಿಲ್ಲ, ಸಾಯುವ ತನಕ ಕೇಳಲಿಲ್ಲ.

ಮುಂದಿನ ಸುಗ್ಗಿಗೆ ಹಗೇವು ಮತ್ತೆ ತುಂಬಿತು. ಬಂಡೆ ಮುಚ್ಚಿ ಕೆಸರು ಮೆತ್ತಿ ಕಾಕಾ ಮೂಡಲಕ್ಕೆ ಅಂಗೈ ಒತ್ತಿದ, ಅಪ್ಪ ಪಡುವಲಕ್ಕೆ. ಅಪ್ಪನ ಅಂಜಿಕೆ ಹೋಯಿತೆಂದೇ ನಾನು ತಿಳಿದಿದ್ದೆ. ಮರುದಿನ ಬೆಳಿಗ್ಗೆ ಅವನು ಅಂಗಡಿಗೆ ಹೊರಟ, ಎಂದಿನಂತೆ ಗೋಡೆ ಹಿಡಿದು ಬಂಡೆಯನ್ನು ಸುತ್ತಿಕೊಂಡು. ಇಳಿದು ಬಂದ ಮನುಷ್ಯ ಮೇಲೆ ಕಾಲಿಡಲಾರ! ನನಗೆ ಅಳುವೇ ಬಂತು. ಅವನ ಹಿಂದೆ ಕಾಕಾ ಬಂದ. ಬಂಡೆಯ ತನಕ ದಡದಡ ಬಂದವನು, ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅಪ್ಪ ಹೋದ ದಾರಿಯಲ್ಲೇ ಗೋಡೆ ಹಿಡಿದು ಸುತ್ತಿ ಹೋದ. ಅಂದಿನಿಂದ ಅವನು ಆ ಬಂಡೆಯ ಮೇಲೆ ಮಗ್ಗುಲಾಗಲಿಲ್ಲ, ಎಲೆ ಹಾಕಲಿಲ್ಲ, ಒಂದು ದಿನವೂ ಅದನ್ನು ತುಳಿಯಲಿಲ್ಲ. ನಮ್ಮನ್ನೂ ತುಳಿಯಗೊಡಲಿಲ್ಲ. ಬಂದವರು ಅದೇಕೆಂದು ಕೇಳಿದರೆ ಅಪ್ಪ ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿಬಿಡುತ್ತಿದ್ದ.

"ನಮ್ಮನ್ಯಾಗ ಅದನ್ನ ಯಾರೂ ತುಳಿಯೂದಿಲ್ರಿ. ಮೊದಲಿಂದ ಹಂಗ ಐತಿ."